ಹೊಗೆ ತಾಗದ ಹೊಗೆಸೊಪ್ಪು

ಚುಂಚನಕಟ್ಟೆ: ಕಾವೇರಿ ಎರಡು ಕವಲಾಗಿ ಬಂಡೆಗಳ ಮೇಲಿಂದ ಧುಮುಕುವ ಚುಂಚನಕಟ್ಟೆಗೆ ಮಳೆಗಾಲದಲ್ಲಿ ಬರುವವರ ಗಮನವೆಲ್ಲ ಜಲಪಾತದ ಮೇಲೆ, ಕೋದಂಡರಾಮನ ಗುಡಿಯ ಮೇಲೆ. ಸುತ್ತಲಿನ ಬೇಸಾಯದತ್ತ ಕಣ್ಣು ಹಾಯಿಸುವವರು ಕಡಿಮೆ. ನದಿಗೆ ಅಡ್ಡಲಾಗಿ ಹಿಂದಿನವರು ಕಟ್ಟಿದ ಒಡ್ಡುಗಳಿಂದ ಹೊರಟ ನಾಲೆಗಳ ನೀರು ಹರಿಯುವಷ್ಟು ದೂರ ಇಲ್ಲಿ ಭತ್ತದ ಗದ್ದೆ. ಕೃಷ್ಣರಾಜನಗರಕ್ಕೆ ‘ಭತ್ತದ ಕಣಜ’ ಎಂಬ ಹೆಸರು ಬಂದಿರುವುದು ಇದರಿಂದಲೇ. ನಾಲೆಯ ನೀರು ಏರಲಾರದ ದಿಣ್ಣೆಗಳದು ಬೇರೆಯೇ ಲೋಕ. ಅಲ್ಲಿ ಮಣ್ಣು ಕೆಂಪು, ಮರಳು ಮಿಶ್ರಿತ. ಬೆಳೆ ಮಳೆಯನ್ನೇ ನಂಬಿದ್ದು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಡೆಗೆ ಸಾಗಿದಂತೆ ಊರ ಅಂಚಿನಲ್ಲಿ, ಹೊಲಗಳ ನಡುವೆ ಎತ್ತರದ ಗೋಡೆಯ ಚೌಕಾಕಾರದ ಕೋಣೆಗಳು ಕಾಣತೊಡಗುತ್ತವೆ. ಇವನ್ನು ಇಲ್ಲಿನವರು ಕರೆಯುವುದು ‘ಬ್ಯಾರನ್’ ಎಂದು.

ಜುಲೈಯಿಂದ ಸೆಪ್ಟೆಂಬರ್‌ವರೆಗೆ ಈ ಬ್ಯಾರನ್‌ಗಳ ಒಲೆ ಆರುವುದು ಅಪರೂಪ. ಒಳಗೆ ತೂಗುಹಾಕಿರುವ ಎಲೆಗೆ ಕನ್ನಡದಲ್ಲಿ ಹೊಗೆಸೊಪ್ಪು ಎಂದು ಹೆಸರು. ಆದರೆ ಆ ಕೋಣೆಯೊಳಗೆ ಹೊಗೆ ಸ್ವಲ್ಪ ನುಗ್ಗಿದರೂ ಸೊಪ್ಪು ಕೆಟ್ಟಿತೆಂದೇ ಲೆಕ್ಕ. ಹೊಗೆಯ ಹೆಸರು ಹೊತ್ತ ಬೆಳೆಯನ್ನು ಹೊಗೆಯಿಂದ ಕಾಪಾಡುವುದೇ ಇಲ್ಲಿನ ರೈತನ ಮುಖ್ಯ ಕಸುಬು. ಈ ವೈಚಿತ್ರ್ಯವನ್ನು ಅರಿಯಬೇಕಾದರೆ ಹೆಸರಿನಿಂದಲೇ ಆರಂಭಿಸಬೇಕು.

ಹೆಸರಿನ ಹಿಂದೆ

ಹೊಗೆಸೊಪ್ಪು ನಮ್ಮ ನೆಲದ ಗಿಡವಲ್ಲ. ಅದರ ತವರು ದಕ್ಷಿಣ ಅಮೆರಿಕ. 1492ರಲ್ಲಿ ಕೊಲಂಬಸ್‌ನ ಹಡಗುಗಳು ಕೆರಿಬಿಯನ್ ದ್ವೀಪಗಳನ್ನು ಮುಟ್ಟಿದಾಗ ಅಲ್ಲಿನ ತೈನೋ ಜನರು ಎಲೆಯನ್ನು ಸುತ್ತಿ, ತುದಿಗೆ ಬೆಂಕಿ ತಾಗಿಸಿ ಹೊಗೆ ಎಳೆಯುತ್ತಿದ್ದುದನ್ನು ಯುರೋಪಿನವರು ಮೊದಲ ಬಾರಿಗೆ ಕಂಡರು. ‘ತಬಾಕೊ’ ಎಂಬ ಸ್ಪ್ಯಾನಿಷ್ ಪದ ಆ ಜನರ ಮಾತಿನಿಂದಲೇ ಬಂದಿತೆಂಬುದು ಬಹುಕಾಲದಿಂದ ನಡೆದುಬಂದ ಅಭಿಪ್ರಾಯ. ಆದರೆ ಆ ಪದ ಯಾವುದನ್ನು ಸೂಚಿಸುತ್ತಿತ್ತು ಎಂಬುದರಲ್ಲಿ ಹಳೆಯ ಬರಹಗಾರರಲ್ಲೇ ಒಮ್ಮತವಿಲ್ಲ. ಸುತ್ತಿದ ಎಲೆಯ ಸುರುಳಿಗೇ ಆ ಹೆಸರು ಎಂದು ಪಾದ್ರಿ ಲಾಸ್ ಕಾಸಾಸ್ ಬರೆದರೆ, ಮೂಗಿಗೆ ಇಟ್ಟುಕೊಂಡು ಹೊಗೆ ಸೇದುವ ಕವಲು ಕೊಳವೆಗೆ ಆ ಹೆಸರು ಎಂದು ಒವಿಯೆದೊ ಬರೆದ. ಅಮೆರಿಕ ಗೊತ್ತಾಗುವುದಕ್ಕೂ ಮುಂಚೆಯೇ ಅರಬ್ಬಿಯ ‘ತುಬ್ಬಾಕ್’ ಎಂಬ ಪದ ಕೆಲವು ಔಷಧಿ ಗಿಡಗಳ ಹೆಸರಾಗಿ ಸ್ಪೇನ್ ಮತ್ತು ಇಟಲಿಯಲ್ಲಿ ಬಳಕೆಯಲ್ಲಿತ್ತು, ಅದನ್ನೇ ಹೊಸ ಗಿಡಕ್ಕೆ ಅಂಟಿಸಲಾಯಿತು ಎಂಬ ಮೂರನೆಯ ವಾದವೂ ಉಂಟು. ಸುರುಳಿಯೋ, ಕೊಳವೆಯೋ, ಅರಬ್ಬಿಯೋ, ಎಲೆಗೆ ಆ ಹೆಸರು ನಿಂತುಬಿಟ್ಟಿತು.

ಸಸ್ಯಶಾಸ್ತ್ರದ ಹೆಸರಿನ ಕಥೆ ಇನ್ನೊಂದು ಬಗೆಯದು. ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಜೀನ್ ನಿಕೋ 1560ರ ಸುಮಾರಿಗೆ ಈ ಗಿಡವನ್ನು ಔಷಧಿಯೆಂದು ಫ್ರಾನ್ಸಿನ ಆಸ್ಥಾನಕ್ಕೆ ಕಳುಹಿಸಿಕೊಟ್ಟ. ಅವನ ಹೆಸರಿನಿಂದ 1753ರಲ್ಲಿ ಲಿನೇಯಸ್ ಈ ಕುಲಕ್ಕೆ ‘ನಿಕೋಟಿಯಾನ’ ಎಂದು ನಾಮಕರಣ ಮಾಡಿದ. 1828ರಲ್ಲಿ ಜರ್ಮನಿಯ ಪೊಸೆಲ್ಟ್ ಮತ್ತು ರೈಮಾನ್ ಎಲೆಯ ಸತ್ವವನ್ನು ಬೇರ್ಪಡಿಸಿದಾಗ ಅದಕ್ಕೂ ‘ನಿಕೋಟಿನ್’ ಎಂಬ ಹೆಸರಾಯಿತು. ನಿಕೋಗೂ ಮುಂಚೆ ಬ್ರೆಜಿಲ್‌ನಿಂದ ಬೀಜ ತಂದಿದ್ದ ಆಂದ್ರೆ ತೆವೆ ಎಂಬ ಪಾದ್ರಿಗೆ ಇದು ನುಂಗಲಾರದ ತುತ್ತಾಯಿತು. ಸಮುದ್ರವನ್ನೇ ದಾಟದವನೊಬ್ಬ ಗಿಡಕ್ಕೆ ತನ್ನ ಹೆಸರಿಟ್ಟುಕೊಂಡ ಎಂದು ಅವನು ಬರೆದೇ ಗೊಣಗಿದ್ದಾನೆ. ಬ್ರೆಜಿಲ್‌ನ ಮೂಲನಿವಾಸಿಗಳು ಹೊಗೆಸೊಪ್ಪಿಗೆ ಬಳಸುತ್ತಿದ್ದ ‘ಪೆಟುಂ’ ಎಂಬ ಪದವಾದರೂ ಪೂರ್ತಿ ಕಳೆದುಹೋಗಲಿಲ್ಲ. ಮೈಸೂರು, ಬೆಂಗಳೂರಿನ ಮನೆಗಳ ಕುಂಡಗಳಲ್ಲಿ ಅರಳುವ ಪೆಟೂನಿಯಾ ಹೂವಿನ ಹೆಸರಿನಲ್ಲಿ ಅದು ಉಳಿದಿದೆ. ಪೆಟೂನಿಯಾ, ಹೊಗೆಸೊಪ್ಪು, ಬದನೆ, ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ ಎಲ್ಲವೂ ಒಂದೇ ಕುಟುಂಬದ ಸಸ್ಯಗಳು.

ಭಾರತಕ್ಕೆ ಇದನ್ನು ತಂದವರು ಪೋರ್ಚುಗೀಸರು. ಉತ್ತರದ ಮೊಘಲ್ ದರಬಾರಿಗೆ ಅದು ಹೋದದ್ದು ಮಾತ್ರ ನಮ್ಮ ವಿಜಯಪುರದಿಂದ ಎಂಬ ಸಂಗತಿ ಹೆಚ್ಚು ಪ್ರಚಾರದಲ್ಲಿಲ್ಲ. ಎರಡನೆಯ ಇಬ್ರಾಹಿಂ ಆದಿಲ್‌ಶಾಹಿಯ ಆಸ್ಥಾನಕ್ಕೆ ರಾಜಕಾರ್ಯದ ಮೇಲೆ ಬಂದಿದ್ದ ಅಸದ್ ಬೇಗ್, 1604ರ ಸುಮಾರಿಗೆ ಹಿಂದಿರುಗುವಾಗ ವಿಜಯಪುರದಲ್ಲಿ ಕಂಡ ತಂಬಾಕನ್ನೂ ಸೇದುವ ಕೊಳವೆಯನ್ನೂ ಅಕ್ಬರನಿಗೆ ಕಾಣಿಕೆಯಾಗಿ ಒಯ್ದ. ಅಕ್ಬರ್ ಕುತೂಹಲದಿಂದ ಒಂದೆರಡು ಬಾರಿ ಎಳೆದ. ಆಸ್ಥಾನದ ವೈದ್ಯರು ತಡೆದರು. ಅವನ ಮಗ ಜಹಾಂಗೀರ್ 1617ರಲ್ಲಿ ತಂಬಾಕು ಸೇವನೆಯನ್ನು ನಿಷೇಧಿಸಿದ. ಆ ನಿಷೇಧ ಎಷ್ಟು ಫಲಿಸಿತು ಎಂಬುದಕ್ಕೆ ನಂತರದ ನಾಲ್ಕು ಶತಮಾನಗಳೇ ಸಾಕ್ಷಿ.

ಪಾರಸಿ, ಹಿಂದಿಗಳ ಮೂಲಕ ಬಂದ ‘ತಂಬಾಕು’ ಇಂದು ನಮ್ಮ ಸರ್ಕಾರಿ ಕಡತಗಳ, ಪತ್ರಿಕೆಗಳ ಪದ. ಉತ್ತರ ಕರ್ನಾಟಕದ ಆಡುಮಾತಿನಲ್ಲಿಯೂ ಅದೇ ರೂಢಿ. ಹಳೆ ಮೈಸೂರಿನ ಬಾಯಲ್ಲಿ ಮಾತ್ರ ಹೊಗೆಸೊಪ್ಪೇ. ದಕ್ಷಿಣದ ಭಾಷೆಗಳು ಈ ಪರದೇಶಿ ಗಿಡದ ಹೆಸರನ್ನು ಎರವಲು ಪಡೆಯುವ ಬದಲು ಅದರಿಂದ ಏನು ಮಾಡುತ್ತಾರೆ ಎಂಬುದನ್ನು ನೋಡಿ ತಾವೇ ಹೆಸರಿಟ್ಟುಕೊಂಡವು. ತೆಲುಗಿನಲ್ಲಿ ಪೊಗಾಕು, ತಮಿಳಿನಲ್ಲಿ ಪುಗೈಯಿಲೈ, ಮಲಯಾಳದಲ್ಲಿ ಪುಗಯಿಲ. ಎಲ್ಲಕ್ಕೂ ಅರ್ಥ ಒಂದೇ: ಹೊಗೆಯ ಎಲೆ. ಹಳಗನ್ನಡದ ‘ಪೊಗೆ’ಯೇ ನಮ್ಮ ‘ಹೊಗೆ’ಯಾದ್ದರಿಂದ ನಾಲ್ಕೂ ಹೆಸರುಗಳು ಒಡಹುಟ್ಟಿದವು. ಕನ್ನಡ ಒಂದೇ ಒಂದು ವ್ಯತ್ಯಾಸ ಮಾಡಿತು. ಎಲೆ ಎನ್ನದೆ ಸೊಪ್ಪು ಎಂದಿತು. ದಂಟು, ಮೆಂತ್ಯ, ಕೊತ್ತಂಬರಿಗಳ ಸಾಲಿಗೆ ಸೇರಿಸಿತು. ವೀಳ್ಯದೆಲೆ ಆಗಲೇ ‘ಎಲೆ’ಯ ಪಟ್ಟವನ್ನು ಹಿಡಿದುಕೊಂಡಿದ್ದುದೂ ಇದಕ್ಕೆ ಕಾರಣವಾಗಿರಬಹುದು.

ತಾಂಬೂಲಕ್ಕೂ ತಂಬಾಕಿಗೂ ನಂಟಿದೆ ಎಂದು ಭಾವಿಸುವವರುಂಟು. ಉಚ್ಚಾರಣೆಯ ಸಾಮ್ಯವನ್ನು ಬಿಟ್ಟರೆ ಎರಡಕ್ಕೂ ಸಂಬಂಧವಿಲ್ಲ. ತಾಂಬೂಲ ಸಂಸ್ಕೃತದಲ್ಲಿ ಬಹು ಪ್ರಾಚೀನ ಪದ; ನಮ್ಮ ಶಾಸನಗಳ ಕಾಲದ ತಾಂಬೂಲದಲ್ಲಿ ಎಲೆ, ಅಡಿಕೆ, ಸುಣ್ಣ ಇದ್ದವೇ ಹೊರತು ಹೊಗೆಸೊಪ್ಪು ಇರಲು ಸಾಧ್ಯವೇ ಇರಲಿಲ್ಲ. ಅದು ತಟ್ಟೆಗೆ ಬಂದು ಕೂತದ್ದು ಕೊನೆಯಲ್ಲಿ.

ಕೂತ ಮೇಲೆ ಏಳಲಿಲ್ಲ ಎಂಬುದೂ ನಿಜ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಹೊಗೆಸೊಪ್ಪಿನ ಬೇಸಾಯವನ್ನು ದಾಖಲಿಸಿದ್ದಾನೆ. ಕರಾವಳಿಯ ಕೆನರಾ ಜಿಲ್ಲೆಯಲ್ಲಿ ಕಂಪನಿ ಸರ್ಕಾರ ಉಪ್ಪಿನಂತೆ ಹೊಗೆಸೊಪ್ಪಿನ ವ್ಯಾಪಾರವನ್ನೂ ತನ್ನ ಏಕಸ್ವಾಮ್ಯ ಮಾಡಿಕೊಂಡಿತ್ತು. ಜನರಿಗೆ ಇದು ಎಷ್ಟು ಅನಿವಾರ್ಯವಾಗಿತ್ತೆಂದು ಆ ಸರ್ಕಾರ ಬಲ್ಲದು.

ಜಗಿಯುವವರೇ ಹೆಚ್ಚು

ಹೆಸರಿನಲ್ಲಿ ಹೊಗೆ ಇದ್ದರೂ ಕನ್ನಡಿಗರು ಹೊಗೆಸೊಪ್ಪನ್ನು ಹೊಗೆಯಾಗಿ ಬಳಸುವುದಕ್ಕಿಂತ ಬಾಯಲ್ಲಿ ಇಟ್ಟುಕೊಳ್ಳುವುದೇ ಹೆಚ್ಚು. ‘ಹೊಗೆಸೊಪ್ಪು ಹಾಕುತ್ತಾರೆ’ ಎಂದರೆ ಜಗಿಯುತ್ತಾರೆ ಎಂದೇ ಅರ್ಥ. 2016–17ರಲ್ಲಿ ನಡೆದ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಹೊಗೆರಹಿತ ತಂಬಾಕಿನ ಬಳಕೆ ಶೇ 16.3 ಇದ್ದರೆ, ಬೀಡಿ–ಸಿಗರೇಟು ಇತ್ಯಾದಿ ಸೇದುವವರು ಶೇ 8.8. ಎಲೆ ಅಡಿಕೆಯೊಡನೆ ಕಡ್ಡಿಪುಡಿ, ಅಜ್ಜಂದಿರ ಡಬ್ಬಿಯ ನಶ್ಯ, ಸುಣ್ಣ ಬೆರೆಸಿ ಅಂಗೈಯಲ್ಲಿ ಉಜ್ಜುವ ಪುಡಿ, 2013ರಲ್ಲಿ ರಾಜ್ಯ ನಿಷೇಧಿಸಿದ ಗುಟ್ಕಾ, ಎಲ್ಲವೂ ಇದರ ರೂಪಗಳೇ. ಹೊಗೆಯಿಲ್ಲದ್ದರಿಂದ ಅಪಾಯವೂ ಕಡಿಮೆ ಎಂಬ ನಂಬಿಕೆ ತಪ್ಪು. ಬಾಯಿಯ ಕ್ಯಾನ್ಸರ್‌ಗೆ ಜಗಿಯುವ ತಂಬಾಕು ಪ್ರಮುಖ ಕಾರಣಗಳಲ್ಲಿ ಒಂದು.

ಕಡ್ಡಿಪುಡಿಗೂ ಬೀಡಿಗೂ ಸಿಗರೇಟಿಗೂ ಸಲ್ಲುವ ಸೊಪ್ಪು ಒಂದೇ ಅಲ್ಲ. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಸೀಮೆಯದು ಬಿಸಿಲಿನಲ್ಲಿ ಒಣಗಿಸುವ ಬೀಡಿ ತಂಬಾಕು. ಬೆಲೆಗಾಗಿ 1981ರಲ್ಲಿ ಅಲ್ಲಿ ನಡೆದ ಬೆಳೆಗಾರರ ಹೋರಾಟ ಪೊಲೀಸ್ ಗೋಲಿಬಾರಿನಲ್ಲಿ ಅಂತ್ಯಗೊಂಡು ರೈತರ ಜೀವಗಳು ಹೋದವು. ಹುಣಸೂರು, ಪಿರಿಯಾಪಟ್ಟಣಗಳದು ವರ್ಜೀನಿಯಾ ತಂಬಾಕು; ಸಿಗರೇಟಿಗೆಂದೇ ಬೆಳೆಯುವಂಥದು. ಮೈಸೂರಿನ ಕೆಂಪು ಮಣ್ಣಿನಲ್ಲಿ ಬೆಳೆದ ಸೊಪ್ಪು ಹಗುರ, ಅದರ ರುಚಿ ಸೌಮ್ಯ. ಬೇರೆ ದೇಶಗಳ ಕಟುವಾದ ತಂಬಾಕಿನೊಡನೆ ಮಿಶ್ರಣ ಮಾಡಲು ಇದು ಒದಗುತ್ತದೆ. ಆದ್ದರಿಂದ ಇಲ್ಲಿನ ಬೆಳೆಯ ದೊಡ್ಡ ಪಾಲು ವಿದೇಶಕ್ಕೆ ಹೋಗುತ್ತದೆ.

ಬ್ಯಾರನ್‌ನೊಳಗೆ

ಬೀಜ ಎಷ್ಟು ಸಣ್ಣದೆಂದರೆ ಒಂದು ಗ್ರಾಂಗೆ ಹತ್ತು ಸಾವಿರಕ್ಕೂ ಹೆಚ್ಚು. ಬೇಸಿಗೆಯಲ್ಲಿ ಸಸಿಮಡಿ, ಮುಂಗಾರಿನ ಮೊದಲ ಮಳೆಗಳಿಗೆ ನಾಟಿ. ‘ಕಾಂಚನ್’ ತಳಿ ಇಲ್ಲಿ ಬಹುಕಾಲದಿಂದ ಮನೆಮಾತು. ಗಿಡ ಹೂ ಕಟ್ಟುವ ವೇಳೆಗೆ ಕುಡಿ ಚಿವುಟುತ್ತಾರೆ. ಬೇರಿನಲ್ಲಿ ತಯಾರಾಗುವ ನಿಕೋಟಿನ್ ಆಗ ಎಲೆಗಳಲ್ಲಿ ಹೆಚ್ಚು ಸಂಗ್ರಹವಾಗುತ್ತದೆ. ಬುಡದ ಎಲೆಗಳು ಮೊದಲು ಮಾಗುತ್ತವೆ, ತುದಿಯವು ಕೊನೆಗೆ. ಹೀಗಾಗಿ ಒಂದೇ ಹೊಲದಲ್ಲಿ ವಾರಕ್ಕೊಮ್ಮೆ ಎಂಬಂತೆ ಹಲವು ಬಾರಿ ಸೊಪ್ಪು ಮುರಿಯಬೇಕು.

ಮುರಿಯುವ ಕೆಲಸದಲ್ಲೊಂದು ಅಪಾಯವಿದೆ. ನಗರದ ಓದುಗರಿಗೆ ಇದು ಅಷ್ಟಾಗಿ ಗೊತ್ತಿಲ್ಲ. ಮಳೆಯಲ್ಲಿ, ಇಬ್ಬನಿಯಲ್ಲಿ ತೊಯ್ದ ಎಲೆಯನ್ನು ಕಂಕುಳಲ್ಲಿ ಒತ್ತಿ ಹಿಡಿದು ಸಾಗುವಾಗ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕ ದೇಹಕ್ಕೆ ಇಳಿಯುತ್ತದೆ. ತಲೆಸುತ್ತು, ವಾಕರಿಕೆ, ವಾಂತಿ ಇದರ ಲಕ್ಷಣಗಳು. ವೈದ್ಯಶಾಸ್ತ್ರ ಇದನ್ನು ಹಸಿ ತಂಬಾಕಿನ ಕಾಯಿಲೆ ಎಂದು ಗುರುತಿಸಿದೆ. ಒಂದು ಬೀಡಿಯನ್ನೂ ಸೇದದ ಹೆಣ್ಣಾಳು ಕೂಡ ದಿನದ ಕೊನೆಗೆ ಮೈಯಲ್ಲಿ ನಿಕೋಟಿನ್ ಹೊತ್ತು ಮನೆಗೆ ಹೋಗಬಹುದು.

ಮುರಿದ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಬ್ಯಾರನ್‌ನಲ್ಲಿ ಅಂತಸ್ತು ಅಂತಸ್ತಾಗಿ ತೂಗುಹಾಕುತ್ತಾರೆ. ಒಲೆಯ ಬಾಯಿ ಹೊರಗೆ. ಅಲ್ಲಿ ಉರಿದ ಸೌದೆಯ ಕಾವು ಮತ್ತು ಹೊಗೆ ಎರಡೂ ಕೋಣೆಯ ನೆಲದ ಮೇಲೆ ಸುತ್ತಿಬರುವ ತಗಡಿನ ಕೊಳವೆಯೊಳಗೆ ಹರಿಯುತ್ತವೆ. ಕೊಳವೆ ಕಾದು ಕೋಣೆಯನ್ನು ಬಿಸಿ ಮಾಡುತ್ತದೆ; ಹೊಗೆ ಮಾತ್ರ ಒಳಗೆ ಸೋರದೆ ಹೊರಗಿನ ಚಿಮಣಿಯಿಂದ ಹೋಗುತ್ತದೆ. ಮೊದಲ ಒಂದೂವರೆ–ಎರಡು ದಿನ 32ರಿಂದ 38 ಡಿಗ್ರಿ ಸೆಲ್ಸಿಯಸ್‌ನ ಹದವಾದ ಶಾಖ. ಆಗ ಹಸಿರು ಇಂಗಿ ಹಳದಿ ಏರುತ್ತದೆ, ಎಲೆಯ ಪಿಷ್ಟ ಸಕ್ಕರೆಯಾಗುತ್ತದೆ. ನಂತರ ನಿಧಾನವಾಗಿ ಶಾಖ ಏರಿಸಿ, ಗಾಳಿ ಬಿಟ್ಟು ಬಣ್ಣವನ್ನು ನಿಲ್ಲಿಸಬೇಕು. ಇಲ್ಲಿ ಅವಸರ ಮಾಡಿದರೆ ಹಸಿರು ಹಾಗೆಯೇ ಉಳಿಯುತ್ತದೆ, ತಡಮಾಡಿದರೆ ಕಂದು ತಿರುಗುತ್ತದೆ. ಕೊನೆಗೆ ನಡುನರ ಒಣಗಲು 70 ಡಿಗ್ರಿಯ ಆಸುಪಾಸಿನ ಬಿಸಿ. ಒಟ್ಟು ಐದಾರು ದಿನ, ಹಗಲೂ ರಾತ್ರಿ ಒಬ್ಬರು ಒಲೆಯ ಬಳಿ ಎಚ್ಚರವಿರಲೇಬೇಕು. ಒಣಗಿದ ಒಂದೇ ಎಲೆ ಜಾರಿ ಕೆಂಡದಂತೆ ಕಾದ ಕೊಳವೆಯ ಮೇಲೆ ಬಿದ್ದರೂ ಇಡೀ ಬ್ಯಾರನ್ ಹೊತ್ತಿಕೊಳ್ಳುತ್ತದೆ. ಹಂಗಾಮಿನಲ್ಲಿ ಇಂಥ ಅಗ್ನಿ ಅನಾಹುತಗಳು ವರದಿಯಾಗುತ್ತಲೇ ಇರುತ್ತವೆ.

ಈ ವಿಧಾನದ ಮೂಲವೂ ಒಂದು ರಾತ್ರಿ ಕಾವಲಿನಲ್ಲಿದೆ. 1839ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಸ್ಲೇಡ್ ಎಂಬ ಜಮೀನುದಾರನ ಬಳಿ ಗುಲಾಮನಾಗಿದ್ದ ಸ್ಟೀಫನ್ ಎಂಬಾತ ತಂಬಾಕಿನ ಕೋಣೆ ಕಾಯುತ್ತಾ ನಿದ್ದೆಹೋದನಂತೆ. ಎಚ್ಚರವಾದಾಗ ಬೆಂಕಿ ನಂದುತ್ತಿತ್ತು. ಗಾಬರಿಯಿಂದ ಕುಲುಮೆಯ ಇದ್ದಿಲನ್ನು ತಂದು ಸುರಿದ. ಇದ್ದಿಲಿಗೆ ಹೊಗೆಯಿಲ್ಲ, ಕಾವು ಹೆಚ್ಚು. ಬೆಳಗಾಗುವ ಹೊತ್ತಿಗೆ ಸೊಪ್ಪು ಬಂಗಾರದ ಬಣ್ಣಕ್ಕೆ ತಿರುಗಿತ್ತು. ಮುಂದೆ ಇದ್ದಿಲಿನ ಜಾಗಕ್ಕೆ ಕಬ್ಬಿಣದ ಕೊಳವೆ ಬಂತು. ಅದೇ ಕ್ರಮ ಗುಂಟೂರಿಗೂ ಬಂದು, ಹುಣಸೂರಿಗೂ ಬಂತು. ಲಾಭ ಜಮೀನುದಾರನ ಪಾಲಾಯಿತು ಎಂದು ಬೇರೆ ಹೇಳಬೇಕಿಲ್ಲ.

ಬ್ಯಾರನ್‌ನೊಳಗೆ ನುಗ್ಗದ ಆ ಹೊಗೆ ಚಿಮಣಿಯಿಂದ ಹೊರಟು ಊರಿನ ಮೇಲೆ ಹರಡುತ್ತದೆ. ಒಂದು ಕಿಲೋ ಸೊಪ್ಪು ಹದವಾಗಲು ಸುಮಾರು ನಾಲ್ಕೈದು ಕಿಲೋ ಸೌದೆ ಬೇಕು. ಪಕ್ಕದಲ್ಲೇ ನಾಗರಹೊಳೆಯ ಕಾಡಿರುವ ತಾಲ್ಲೂಕುಗಳಿಗೆ ಈ ಲೆಕ್ಕ ಸಣ್ಣದಲ್ಲ. ನೀಲಗಿರಿ, ಸರ್ವೆ ಮರಗಳನ್ನು ಬೆಳೆಸುವ, ಬ್ಯಾರನ್‌ನ ಶಾಖ ಸೋರದಂತೆ ತಡೆಯುವ ಪ್ರಯತ್ನಗಳು ನಡೆದಿವೆ. ಸೌದೆಯ ಖರ್ಚು ಮಾತ್ರ ಬೆಳೆಗಾರನ ಲೆಕ್ಕದಲ್ಲಿ ದೊಡ್ಡ ಬಾಬತ್ತಾಗಿಯೇ ಉಳಿದಿದೆ.

ಹರಾಜು ಕಟ್ಟೆಯ ಬಲ

ಇಷ್ಟೆಲ್ಲ ಕಷ್ಟದ ಬೆಳೆಯನ್ನು ರೈತರು ಏಕೆ ಬಿಡುವುದಿಲ್ಲ? ಲಾಭ ಎಂಬ ಒಂದೇ ಮಾತಿನ ಉತ್ತರ ಸಾಲದು. 1975ರ ಕಾಯ್ದೆಯ ಪ್ರಕಾರ 1976ರ ಜನವರಿ 1ರಂದು ಅಸ್ತಿತ್ವಕ್ಕೆ ಬಂದ ತಂಬಾಕು ಮಂಡಳಿ ಕೇಂದ್ರ ವಾಣಿಜ್ಯ ಸಚಿವಾಲಯದ ಅಧೀನದಲ್ಲಿದೆ; ಅದರ ಕೇಂದ್ರ ಕಚೇರಿ ಗುಂಟೂರಿನಲ್ಲಿ. ಯಾರು ಬೆಳೆಯಬೇಕು, ಎಷ್ಟು ಬೆಳೆಯಬೇಕು ಎಂಬುದನ್ನು ನಿಗದಿಪಡಿಸುವುದು ಈ ಮಂಡಳಿ. 1984ರಿಂದ ರಾಜ್ಯದಲ್ಲಿ ಮಂಡಳಿಯೇ ಹರಾಜು ನಡೆಸುತ್ತಾ ಬಂದಿದೆ. ಹುಣಸೂರು, ಕಟ್ಟೆಮಳಲವಾಡಿ, ಚಿಲ್ಕುಂದ, ಪಿರಿಯಾಪಟ್ಟಣ, ಕಂಪಲಾಪುರ, ಎಚ್.ಡಿ.ಕೋಟೆ ಮತ್ತು ಹಾಸನ ಜಿಲ್ಲೆಯ ರಾಮನಾಥಪುರ ಇದರ ಪರಿಚಿತ ಹರಾಜು ಕೇಂದ್ರಗಳು. ಬೇಲ್‌ಗಳು ಸಾಲಾಗಿ ನಿಂತಿರುತ್ತವೆ, ಖರೀದಿದಾರ ಕಂಪನಿಗಳವರು ದರ ಕೂಗುತ್ತಿದ್ದ ಕಾಲ ಹೋಗಿ ಈಗ ವಿದ್ಯುನ್ಮಾನ ಹರಾಜು ಬಂದಿದೆ. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಇದೇ ದಿಣ್ಣೆಯಲ್ಲಿ ಬೆಳೆಯಬಹುದಾದ ರಾಗಿಗಾಗಲಿ, ಮುಸುಕಿನ ಜೋಳಕ್ಕಾಗಲಿ, ಶುಂಠಿಗಾಗಲಿ ಮನೆಬಾಗಿಲಿಗೆ ಇಷ್ಟು ಹತ್ತಿರದಲ್ಲಿ ಇಂಥ ವ್ಯವಸ್ಥಿತ ಮಾರುಕಟ್ಟೆ ಇಲ್ಲ. ಹೊಗೆಸೊಪ್ಪಿನ ನಿಜವಾದ ಬೇರು ಮಣ್ಣಿಗಿಂತ ಈ ಹರಾಜು ಕಟ್ಟೆಯಲ್ಲೇ ಇದೆ ಎಂದರೆ ಅತಿಶಯೋಕ್ತಿಯಾಗದು.

ಹಾಗೆಂದು ಬೆಲೆ ರೈತನ ಕೈಯಲ್ಲಿಲ್ಲ. ಬ್ರೆಜಿಲ್, ಜಿಂಬಾಬ್ವೆಗಳ ಫಸಲು ಹೆಚ್ಚಾದರೆ ಪಿರಿಯಾಪಟ್ಟಣದಲ್ಲಿ ದರ ಇಳಿಯುತ್ತದೆ, ಅಲ್ಲಿ ಕಡಿಮೆಯಾದರೆ ಇಲ್ಲಿ ಏರುತ್ತದೆ. 2015–16ರ ಹಂಗಾಮಿನಲ್ಲಿ ದರ ಕುಸಿದಾಗ ಹರಾಜು ಕೇಂದ್ರಗಳ ಮುಂದೆ ಪ್ರತಿಭಟನೆಗಳು ನಡೆದವು. 2023–24ರಲ್ಲಿ ಸರಾಸರಿ ದರ ಕಿಲೋಗೆ 250 ರೂಪಾಯಿ ದಾಟಿತು. ಬೆಲೆ ಏರಿದ ಮರುವರ್ಷ ಲೈಸೆನ್ಸ್ ಇಲ್ಲದವರೂ ನಾಟಿಗೆ ಇಳಿಯುತ್ತಾರೆ. ಅಂಥ ಅನಧಿಕೃತ ಬೆಳೆಯನ್ನು ದಂಡ ವಿಧಿಸಿ ಹರಾಜಿಗೆ ಬಿಡಬೇಕೆ, ದಂಡ ಮನ್ನಾ ಮಾಡಬೇಕೆ ಎಂಬ ಪ್ರಶ್ನೆ ದೆಹಲಿಯವರೆಗೂ ಹೋಗುತ್ತದೆ.

ದೆಹಲಿಯಲ್ಲಾದರೂ ಈ ಗಿಡದ ಬಗ್ಗೆ ಒಂದೇ ಅಭಿಪ್ರಾಯವಿಲ್ಲ. ವಾಣಿಜ್ಯ ಸಚಿವಾಲಯಕ್ಕೆ ಇದು ವಿದೇಶಿ ವಿನಿಮಯ. ಆರೋಗ್ಯ ಸಚಿವಾಲಯಕ್ಕೆ ಇದು ರೋಗದ ಮೂಲ. 2003ರ ತಂಬಾಕು ನಿಯಂತ್ರಣ ಕಾಯ್ದೆ, 2016ರಿಂದ ಪೊಟ್ಟಣದ ಶೇ 85ರಷ್ಟು ಜಾಗ ಆಕ್ರಮಿಸಿದ ಚಿತ್ರಸಹಿತ ಎಚ್ಚರಿಕೆ, ತಂಬಾಕು ಖರೀದಿಯ ವಯೋಮಿತಿಯನ್ನು 18ರಿಂದ 21ಕ್ಕೆ ಏರಿಸಿ ಹುಕ್ಕಾ ಬಾರ್‌ಗಳನ್ನು ನಿಷೇಧಿಸಿ 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆ, ಇವೆಲ್ಲ ಬಳಕೆದಾರನನ್ನು ಕುರಿತವು. ಬೆಳೆಗಾರನ ವಿಷಯ ಬರುವುದು ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದಲ್ಲಿ. ಭಾರತ 2004ರಲ್ಲೇ ಅದನ್ನು ಅನುಮೋದಿಸಿದೆ. ಅದರ 17ನೇ ವಿಧಿಯು ಬೆಳೆಗಾರರಿಗೂ ಕಾರ್ಮಿಕರಿಗೂ ಆರ್ಥಿಕವಾಗಿ ಬಾಳಿಕೆ ಬರುವ ಪರ್ಯಾಯವನ್ನು ಉತ್ತೇಜಿಸಬೇಕೆನ್ನುತ್ತದೆ. ಇಪ್ಪತ್ತು ವರ್ಷಗಳ ನಂತರವೂ ಹುಣಸೂರು ಸೀಮೆಯಲ್ಲಿ ಪರ್ಯಾಯ ಎಂದರೆ ಶುಂಠಿಯ ಜೂಜು ಅಥವಾ ಮುಸುಕಿನ ಜೋಳದ ಅಲ್ಪ ಆದಾಯ ಎಂಬ ಸ್ಥಿತಿಯೇ ಇದೆ.

ಸೊಪ್ಪಿಗೆ ಸೇದುವ, ಜಗಿಯುವ ಬಳಕೆಯಷ್ಟೇ ಇಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಹೊಗೆಸೊಪ್ಪಿನ ಕಷಾಯ ಹೇನು, ಹುಳುಗಳಿಗೆ ಹಳೆಯ ಕಾಲದ ಮದ್ದು. ಇಂದು ಪೇಟೆಯಲ್ಲಿ ಸಿಗುವ ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕಗಳೂ ನಿಕೋಟಿನ್ ಕೀಟದ ನರಮಂಡಲದ ಮೇಲೆ ಎರಗುವ ಬಗೆಯನ್ನೇ ಅನುಸರಿಸುತ್ತವೆ. ಎಲೆಯಿಂದ ತೆಗೆಯುವ ಸೊಲನೆಸೋಲ್ ಎಂಬ ಪದಾರ್ಥ ಔಷಧ ತಯಾರಿಕೆಗೆ ಬೇಕು. ಬೀಜದ ಎಣ್ಣೆಯಲ್ಲಿ ನಿಕೋಟಿನ್ ಇಲ್ಲ. ವೈರಸ್ ಎಂಬುದೊಂದಿದೆ ಎಂದು ಜಗತ್ತಿಗೆ ಮೊದಲು ತಿಳಿದದ್ದು 1890ರ ದಶಕದಲ್ಲಿ ತಂಬಾಕಿನ ಎಲೆಗೆ ಬರುವ ಮೊಸಾಯಿಕ್ ರೋಗದ ಅಧ್ಯಯನದಿಂದ. 2014ರಲ್ಲಿ ಎಬೋಲಾ ರೋಗಿಗಳಿಗೆ ಪ್ರಾಯೋಗಿಕವಾಗಿ ಕೊಟ್ಟ ಒಂದು ಔಷಧವನ್ನು ಹೊಗೆಸೊಪ್ಪಿನ ಹತ್ತಿರದ ಸಂಬಂಧಿ ಗಿಡದಲ್ಲಿ ತಯಾರಿಸಲಾಗಿತ್ತು. ಆದರೆ ಇವುಗಳಿಗೆಲ್ಲ ಬೇಕಾಗುವ ಸೊಪ್ಪಿನ ಪ್ರಮಾಣ ಅಲ್ಪ. ನಲವತ್ತು ಸಾವಿರದ ಆಸುಪಾಸಿನಲ್ಲಿರುವ ರಾಜ್ಯದ ನೋಂದಾಯಿತ ಬೆಳೆಗಾರರ ಬ್ಯಾರನ್‌ಗಳು ಉರಿಯುವುದು ಸಿಗರೇಟಿಗಾಗಿಯೇ.

ಆ ಬ್ಯಾರನ್ ಕೂಡ ಒಂದು ಬಂಧನ. ಸಾಲ ಮಾಡಿ ಕಟ್ಟಿಸಿದ ಆ ಕೋಣೆ ಬೇರಾವ ಬೆಳೆಗೂ ಉಪಯೋಗಕ್ಕೆ ಬಾರದು. ತಂಬಾಕು ಬಿಡಿ ಎಂದು ರೈತನಿಗೆ ಹೇಳುವವರು ಬ್ಯಾರನ್‌ಗೆ ಪರಿಹಾರ ಎಷ್ಟು, ಮುಂದಿನ ಬೆಳೆಗೆ ಹರಾಜು ಕಟ್ಟೆ ಎಲ್ಲಿ ಎಂಬ ಎರಡು ಪ್ರಶ್ನೆಗಳಿಗೆ ಮೊದಲು ಉತ್ತರಿಸಬೇಕಾಗುತ್ತದೆ. ಅಲ್ಲಿಯವರೆಗೆ ಪ್ರತಿ ಬೇಸಿಗೆಯಲ್ಲೂ ಸಸಿಮಡಿಗೆ ಬೀಜ ಬೀಳುತ್ತದೆ, ಸೌದೆಯ ಲಾರಿಗಳು ಹುಣಸೂರಿನ ಹಾದಿ ಹಿಡಿಯುತ್ತವೆ.